ಪಟ್ಟಿಯಲ್ಲಿ ಹೆಸರಿಲ್ಲದ ಚಿಪ್‌ಗೆ ಡ್ರೈವರ್ ಕೂರಿಸಿದ್ದು

ಯುಎಸ್‌ಬಿ ಕೇಬಲ್ ಚುಚ್ಚಿದ್ರೆ ಏನೋ ಬಂದು ಕೂತಿದೆ ಅಂತ ಕಂಪ್ಯೂಟರ್‌ಗೆ ಗೊತ್ತಾಗುತ್ತೆ, ಆದ್ರೆ ಯಾವ ಡ್ರೈವರೂ (ಸಾಧನದ ಜೊತೆ ಮಾತಾಡೋ ಸಾಫ್ಟ್‌ವೇರ್) ಅದನ್ನ ನಂದು ಅಂತ ಎತ್ಕೊಳ್ಳಲ್ಲ, ಒಳಗಿರೋ ಚಿಪ್ ನೋಡಿದ್ರೆ ವರ್ಷಗಟ್ಟಲೆಯಿಂದ ಎಲ್ರೂ ಬಳಸ್ತಿರೋ ಮಾಮೂಲಿ ಚಿಪ್ಪು. ಈ ತರ ಸಿಕ್ಕಾಕ್ಕೊಂಡಿರೋರು ತುಂಬಾ ಜನ ಇದಾರೆ, ಪ್ರಯೋಗಾಲಯದ ಮೆಷಿನ್ ಇಟ್ಕೊಂಡಿರೋರು, ತೂಕದ ಮೆಷಿನ್ ಇಟ್ಕೊಂಡಿರೋರು, ಹಳೇ ಬಿಲ್ಲಿಂಗ್ ಪ್ರಿಂಟರ್ ಇರೋ ಅಂಗಡಿಯೋರು. ಕನ್ನಡದಲ್ಲಿ ಇದನ್ನ ಯಾರಾದ್ರೂ ಮೊದಲಿಂದ ಕೊನೇತನಕ ಬರೆದಿದಾರಾ ಅಂತ ಹುಡುಕಿದೆ, ನನ್ ಕಣ್ಣಿಗೆ ಬೀಳ್ಲಿಲ್ಲ, ಅದಕ್ಕೇ ನಾನೇ ಬರೀತಿದೀನಿ.

ತಿಪಟೂರಿನ ಹತ್ರ ನಮ್ಮ ಬಾವಂದು ಒಂದು ವೇಬ್ರಿಡ್ಜ್ ಇದೆ. ತೆಂಗಿನಕಾಯಿ ಲೋಡು, ಕೊಬ್ಬರಿ ಚೀಲ, ನಾರಿನ ಫ್ಯಾಕ್ಟರಿಗೆ ಹೋಗೋ ಸಿಪ್ಪೆ ಟ್ರ್ಯಾಕ್ಟರು ಎಲ್ಲಾ ಅಲ್ಲೇ ತೂಕ ಆಗೋದು. ಗಾಡಿ ಪ್ಲಾಟ್‌ಫಾರ್ಮ್ ಮೇಲೆ ನಿಂತಾಗ ರೂಮಲ್ಲಿರೋ ಇಂಡಿಕೇಟರ್‌ನಲ್ಲಿ ಕೆಂಪು ಅಂಕಿ ಬರುತ್ತೆ, ಅದೇ ಅಂಕಿ ಯುಎಸ್‌ಬಿ ಕೇಬಲ್‌ನಲ್ಲಿ ಕಂಪ್ಯೂಟರ್‌ಗೂ ಬರುತ್ತೆ, ಅಲ್ಲಿಂದ ಚೀಟಿ ಪ್ರಿಂಟ್ ಆಗುತ್ತೆ. ಹಳೇ ವಿಂಡೋಸ್ 7 ಕಂಪ್ಯೂಟರಿನ ಬೋರ್ಡ್ ಸುಟ್ಟೋಯ್ತು. ಹೊಸದಕ್ಕೆ ಇಂಡಿಕೇಟರ್ ಜೊತೆ ಬಂದಿದ್ದ ಸಿಡಿ ಹಾಕೋಣ ಅಂದ್ರೆ ಅದ್ರಲ್ಲಿದ್ದಿದ್ದು 32 ಬಿಟ್ ಡ್ರೈವರ್ ಮಾತ್ರ, 64 ಬಿಟ್ ವಿಂಡೋಸ್ ಅದನ್ನ ಲೋಡೇ ಮಾಡಲ್ಲ. ಸಪ್ಲೈ ಮಾಡಿದ ಕಂಪನಿಯೋರಿಗೆ ಫೋನ್ ಮಾಡಿದ್ರೆ ಈ ಮಾಡೆಲ್‌ಗೆ ಸಪೋರ್ಟ್ ಮುಗಿದಿದೆ, ಹೊಸ ಇಂಡಿಕೇಟರ್ ತಗೊಳ್ಳಿ ಅಂದ್ರು.

ಬಾವ ನಂಗೆ ಫೋನ್ ಮಾಡಿ, "ಹೊಸದು ಹಾಕ್ಸು ಅಂತವ್ರೆ ಕಣೋ, ಹಾಕ್ಸಿದ್ರೆ ಮತ್ತೆ ಇಲಾಖೆಯೋರು ಬಂದು ಸ್ಟ್ಯಾಂಪಿಂಗ್ ಮಾಡ್ಬೇಕು, ಅಲ್ಲೀಗಂಟ ಬರೋ ಗಾಡಿಗಳಿಗೆ ಏನ್ ಹೇಳ್ಲಿ, ಕೈಯಲ್ಲಿ ಚೀಟಿ ಬರ್ಕೊಟ್ರೆ ವ್ಯಾಪಾರಸ್ಥರು ಒಪ್ಪಲ್ಲ" ಅಂದ್ರು. ನಾನು, "ಬಾವ, ಆತುರ ಪಡ್ಬೇಡಿ, ಇಂಡಿಕೇಟರ್ ಸರಿಯಾಗೇ ತೂಕ ತೋರಿಸ್ತಿದೆ ತಾನೆ, ಕೆಟ್ಟಿರೋದು ಕಂಪ್ಯೂಟರ್ ಅಷ್ಟೆ, ಒಂದ್ಸಲ ಬಂದು ನೋಡ್ತೀನಿ" ಅಂದೆ.

ಹೊಸ ಕಂಪ್ಯೂಟರ್‌ಗೆ ವಿಂಡೋಸ್ ಬದಲು ಡೆಬಿಯನ್ ಅನ್ನೋ ಲಿನಕ್ಸ್ ಹಾಕಿದ್ದೆ. ಕೇಬಲ್ ಚುಚ್ಚಿ, ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸೋ ಎಲ್‌ಎಸ್‌ಯುಎಸ್‌ಬಿ ಕಮಾಂಡ್ ಕೊಟ್ಟೆ, ಸಾಧನ ಕಾಣಿಸ್ತು. ಅದರ ನಂಬರಿನ ಮೊದಲ ನಾಲ್ಕು ಅಂಕಿ 10ಸಿ4. ಅದು ಸಿಲಿಕಾನ್ ಲ್ಯಾಬ್ಸ್ ಕಂಪನಿಯ ನಂಬರು, ಮೊದಲು ಸಿಗ್ನಲ್ ಅನ್ನೋ ಚಿಪ್ ಕಂಪನಿದಾಗಿತ್ತು, 2003ರಲ್ಲಿ ಸಿಲಿಕಾನ್ ಲ್ಯಾಬ್ಸ್ ಅವ್ರನ್ನ ಕೊಂಡ್ಕೊಂಡ್ಮೇಲೆ ಇವ್ರಿಗೆ ಬಂತು. ಅದರ ಮುಂದಿನ ನಾಲ್ಕು ಅಂಕಿ ಇಲ್ಲಿ ಬರೆಯಲ್ಲ, ಬರೆದ್ರೆ ಇಂಡಿಕೇಟರ್ ಯಾರ್ದು ಅಂತ ಗೊತ್ತಾಗುತ್ತೆ. ಕರ್ನಲ್ (ಲಿನಕ್ಸಿನ ತಿರುಳು) ಬರೆದಿಡೋ ಲಾಗ್ ನೋಡಿದ್ರೆ ಹೊಸ ಸಾಧನ ಸಿಕ್ತು ಅಂತ ಸಾಲು ಇದೆ, ಇಂಡಿಕೇಟರ್ ಕಂಪನಿಯ ಹೆಸರಿದೆ, ಸೀರಿಯಲ್ ನಂಬರಿದೆ, ಅಲ್ಲಿಗೆ ಮುಗೀತು. ಯಾವ ಡ್ರೈವರೂ ಮುಂದೆ ಬಂದಿಲ್ಲ, ಡೇಟಾ ಓದೋಕೆ ಬೇಕಾದ ಟಿಟಿವೈ ಯುಎಸ್‌ಬಿ 0 ಅನ್ನೋ ಪೋರ್ಟ್ ಹುಟ್ಟಿಲ್ಲ.

ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ, ಇದು ಅರ್ಥ ಆದ್ರೆ ಮುಂದಿಂದೆಲ್ಲಾ ಸುಲಭ. ಪ್ರತಿ ಯುಎಸ್‌ಬಿ ಸಾಧನಕ್ಕೂ ಎರಡು ನಂಬರ್ ಇರುತ್ತೆ, ಒಂದು ತಯಾರಕರದ್ದು, ಇನ್ನೊಂದು ಆ ಪ್ರಾಡಕ್ಟ್‌ದು. ಡ್ರೈವರ್ ಒಳಗೆ ನಾನು ಇಂತಿಂಥ ನಂಬರಿನ ಸಾಧನಗಳನ್ನ ನೋಡ್ಕೋತೀನಿ ಅಂತ ಒಂದು ಪಟ್ಟಿ ಇರುತ್ತೆ. ಸಾಧನ ಬಂದಾಗ ಕರ್ನಲ್ ಪಟ್ಟಿ ನೋಡುತ್ತೆ, ನಂಬರ್ ಇದ್ರೆ ಡ್ರೈವರ್ ಕರೆಯುತ್ತೆ, ಇಲ್ದಿದ್ರೆ ಸುಮ್ನಿರುತ್ತೆ. ರೇಷನ್ ಅಂಗಡಿಲಿ ಅಕ್ಕಿ ಇದೆ, ಮನುಷ್ಯ ಎದುರಿಗೇ ನಿಂತಿದಾನೆ, ಲಿಸ್ಟಲ್ಲಿ ಹೆಸರಿಲ್ಲ ಅಂತ ವಾಪಸ್ ಕಳಿಸ್ದಂಗೆ. ಮೆಷಿನ್ನಿನ ಸೀರಿಯಲ್ ಡೇಟಾನ ಯುಎಸ್‌ಬಿಗೆ ಬದಲಾಯಿಸೋ, ಸಿಲಿಕಾನ್ ಲ್ಯಾಬ್ಸ್‌ನ ಸಿಪಿ2102 ಚಿಪ್‌ಗೆ ಹುಟ್ಟಿನಿಂದ ಬರೋ ನಂಬರ್ 10ಸಿ4, ಇಎ60. ಆದ್ರೆ ಆ ಚಿಪ್ ಕೊಂಡು ತಮ್ಮ ಮೆಷಿನ್ ಮಾಡೋ ಕಂಪನಿಗಳು ಎರಡನೇ ನಂಬರನ್ನ ಬದಲಾಯಿಸ್ಕೋಬಹುದು, ಸಿಲಿಕಾನ್ ಲ್ಯಾಬ್ಸ್ ಅವ್ರೇ ಹೊಸ ನಂಬರ್ ಕೊಡ್ತಾರೆ, ಚಿಪ್ಪಲ್ಲಿರೋ ಸಣ್ಣ ಮೆಮೊರಿಗೆ ಬರೀಬಹುದು. ಮೆಷಿನ್ ಚುಚ್ಚಿದಾಗ ನಮ್ಮ ಹೆಸರು ಬರ್ಲಿ ಅಂತ ತುಂಬಾ ಕಂಪನಿಗಳು ಹೀಗೆ ಮಾಡ್ಕೋತಾರೆ. ಅದ್ರಲ್ಲಿ ತಪ್ಪೇನಿಲ್ಲ, ಆದ್ರೆ ಚಿಪ್ ಅದೇ ಇದ್ರೂ ನಂಬರ್ ಬದಲಾದ ತಕ್ಷಣ ಡ್ರೈವರಿಗೆ ಅದು ಅಪರಿಚಿತ.

ಈ ಚಿಪ್ಪುಗಳಿಗೆ ಲಿನಕ್ಸ್‌ನಲ್ಲಿರೋ ಸಿಪಿ210ಎಕ್ಸ್ ಡ್ರೈವರಿನ ಸೋರ್ಸ್ ತೆಗೆದು ಪಟ್ಟಿ ನೋಡಿದ್ರೆ ಆಶ್ಚರ್ಯ ಆಗುತ್ತೆ, ಸೂಂಟೋ ಕ್ರೀಡಾ ಉಪಕರಣ, ಆರಿಗಾನ್ ಎನ್‌ಎಫ್‌ಸಿ ರೀಡರ್, ಕ್ಯೋಸೆರಾ ಜಿಪಿಎಸ್ ಮಾಡ್ಯೂಲ್, ಪೊಲೊಲು ಕನ್ವರ್ಟರ್, ಹೀಗೆ ಉದ್ದಕ್ಕೆ ಇದೆ. ಎಲ್ಲದರ ಒಳಗೂ ಒಂದೇ ಕುಟುಂಬದ ಚಿಪ್ಪು. ಯಾರೋ ಒಬ್ರು ತಮ್ಮ ಸಾಧನ ಕೆಲ್ಸ ಮಾಡ್ತಿಲ್ಲ ಅಂತ ಕಂಡು, ನಂಬರ್ ಕಳಿಸಿ ಸೇರಿಸಿದ್ದು. ನಮ್ಮ ಇಂಡಿಕೇಟರ್ ನಂಬರ್ ಅದ್ರಲ್ಲಿ ಇಲ್ಲ ಅಷ್ಟೆ.

ಈಗ ಮುಖ್ಯ ಪ್ರಶ್ನೆ. ಒಳಗಿರೋದು ನಿಜವಾಗ್ಲೂ ಸಿಪಿ2102 ಅಂತ ಹೇಗ್ ಗೊತ್ತಾಗ್ಬೇಕು? ಬೇರೆ ಸಾಧನ ಆಗಿದ್ರೆ ನಾಲ್ಕು ಸ್ಕ್ರೂ ಬಿಚ್ಚಿ ಚಿಪ್ ಮೇಲೆ ಬರೆದಿರೋದನ್ನ ಓದ್ಬಿಡ್ತಿದ್ದೆ. ಇದು ತೂಕದ ಇಂಡಿಕೇಟರ್, ತೂಕ ಅಳತೆ ಇಲಾಖೆಯೋರ ಸೀಲ್ ಇದೆ, ಮುಟ್ಟೋ ಹಾಗಿಲ್ಲ, ಮುಟ್ಲೂಬಾರದು, ರೈತರ ನಂಬಿಕೆ ಆ ಸೀಲ್ ಮೇಲೆ ನಿಂತಿದೆ. ಹೊರಗಿಂದಾನೇ ತಿಳ್ಕೋಬೇಕಿತ್ತು.

ನನ್ ಹತ್ರ ಇಎಸ್‌ಪಿ32 ಅನ್ನೋ ಒಂದು ಸಣ್ಣ ಮೈಕ್ರೋಕಂಟ್ರೋಲರ್ ಬೋರ್ಡ್ ಇತ್ತು, ಅದ್ರಲ್ಲಿರೋದು ಸಿಪಿ2102 ಅಂತ ಚಿಪ್ ಮೇಲೇ ಓದ್ಬಹುದು. ಅದನ್ನೂ ಇಂಡಿಕೇಟರನ್ನೂ ಒಟ್ಟಿಗೆ ಚುಚ್ಚಿ, ಎಲ್‌ಎಸ್‌ಯುಎಸ್‌ಬಿಗೆ ವಿವರವಾಗಿ ತೋರಿಸು ಅನ್ನೋ ಆಪ್ಷನ್ ಕೊಟ್ಟು ಎರಡರ ಮಾಹಿತೀನೂ ಫೈಲಿಗೆ ಬರೆದು ಪಕ್ಕಪಕ್ಕ ಇಟ್ಟು ನೋಡ್ದೆ. ಇಂಟರ್‌ಫೇಸ್ ಒಂದೇ, ಕ್ಲಾಸ್ 255, ಅಂದ್ರೆ ತಯಾರಕರ ಸ್ವಂತ ರೀತಿ. ಡೇಟಾ ಬರೋಕೊಂದು ಹೋಗೋಕೊಂದು ಬಲ್ಕ್ ಎಂಡ್‌ಪಾಯಿಂಟ್, ವಿಳಾಸ 81 ಮತ್ತೆ 01, ಒಂದ್ಸಲಕ್ಕೆ ಗರಿಷ್ಠ 64 ಬೈಟ್. ಬೇರೆ ಇದ್ದಿದ್ದು ಪ್ರಾಡಕ್ಟ್ ನಂಬರು, ಹೆಸರು, ಸೀರಿಯಲ್ ನಂಬರು, ಇಷ್ಟೇ. ಜೊತೆಗೆ ಬಾವನ ಹಳೇ ಹಾರ್ಡ್‌ಡಿಸ್ಕ್ ಇನ್ನೂ ಚೆನ್ನಾಗಿತ್ತು, ಅದನ್ನ ಬೇರೆ ಕೇಸ್‌ಗೆ ಹಾಕಿ ತೆಗೆದು ನೋಡಿದ್ರೆ ಸಿಡಿಯಿಂದ ಇನ್‌ಸ್ಟಾಲ್ ಆಗಿದ್ದ ಡ್ರೈವರ್ ಫೈಲ್ ಸಿಲಿಕಾನ್ ಲ್ಯಾಬ್ಸ್ ಅವ್ರದ್ದೇ, ಇಂಡಿಕೇಟರ್ ಕಂಪನಿಯೋರು ಐಎನ್‌ಎಫ್ ಫೈಲಲ್ಲಿ (ವಿಂಡೋಸ್ ಡ್ರೈವರಿನ ನಂಬರ್ ಪಟ್ಟಿ ಇರೋ ಫೈಲು) ತಮ್ಮ ನಂಬರ್ ಮಾತ್ರ ಬರ್ಕೊಂಡಿದಾರೆ. ಅಲ್ಲಿಗೆ ನಂಗೆ ಅನುಮಾನ ಉಳೀಲಿಲ್ಲ.

ಇಷ್ಟು ಹುಡುಕಾಟ ಯಾಕೆ, ಸುಮ್ನೆ ಹಾಕಿ ನೋಡ್ಬಹುದಲ್ಲ ಅಂತ ಕೇಳೋರಿದಾರೆ. ಹಾಗೆ ಮಾಡ್ಬೇಡಿ. ಹಿಂದೆ ಲಿನಕ್ಸ್‌ನಲ್ಲಿ ಸೆನ್ಸರ್ ಹುಡುಕೋ ಎಲ್‌ಎಂ-ಸೆನ್ಸರ್ಸ್ ಪ್ರೋಗ್ರಾಂ ಕೆಲವು ಐಬಿಎಂ ಥಿಂಕ್‌ಪ್ಯಾಡ್‌ಗಳಲ್ಲಿ ಓಡಿಸ್ದಾಗ ಅದರೊಳಗಿನ 24ಆರ್‌ಎಫ್08 ಅನ್ನೋ ಮೆಮೊರಿ ಚಿಪ್ಪಿನ ಡೇಟಾ ಕೆಟ್ಟು ಲ್ಯಾಪ್‌ಟಾಪ್ ಬೂಟೇ ಆಗ್ದಂಗಾಗ್ತಿತ್ತು. ಬರೀ ಯಾರಿದೀರ ಅಂತ ಕೇಳಿದ್ದಕ್ಕೇ ಹಾಗಾಯ್ತು, ಯಾಕಂದ್ರೆ ಆ ಚಿಪ್ ಆ ಪ್ರಶ್ನೆಯನ್ನ ಬೇರೆ ತರ ಅರ್ಥ ಮಾಡ್ಕೋತಿತ್ತು. ಹೊರಗಿಂದ ಒಂದೇ ತರ ಕಂಡ್ರೂ ಒಳಗೆ ಬೇರೆ ಇರ್ಬಹುದು, ಅದಕ್ಕೇ ಒತ್ತಾಯದಿಂದ ಡ್ರೈವರ್ ಕೂರಿಸೋರು ಮೊದಲು ಚಿಪ್ ಯಾವ್ದು ಅಂತ ಖಚಿತ ಮಾಡ್ಕೊಳ್ಲೇಬೇಕು. ಅರ್ಧ ಕೆಲ್ಸ ಇದೇ.

ಉಲ್ಟಾ ಕೇಸೂ ಇದೆ. ಉಬುಂಟು 22.04ರಲ್ಲಿ ತುಂಬಾ ಜನರ ಇಎಸ್‌ಪಿ32 ಮತ್ತೆ ಆರ್ಡುಯಿನೋ ಬೋರ್ಡ್‌ಗಳ ಪೋರ್ಟ್ ಮಾಯ ಆಗ್ಬಿಡ್ತಿತ್ತು, ಕಾರಣ ಬ್ರೈಲ್ ಡಿಸ್‌ಪ್ಲೇ ನೋಡ್ಕೊಳ್ಳೋ ಬಿಆರ್‌ಎಲ್‌ಟಿಟಿವೈ ಅನ್ನೋ ಸರ್ವಿಸ್ಸು. ಕೆಲವು ಬ್ರೈಲ್ ಸಾಧನಗಳು ಅದೇ ಮಾಮೂಲಿ ಚಿಪ್ಪನ್ನ ನಂಬರ್ ಬದಲಾಯಿಸ್ದೇ ಹಾಕ್ಕೊಂಡಿವೆ, ಹಂಗಾಗಿ ನಂಬರ್ ನೋಡಿ ಇದು ನಂದೇ ಅಂತ ಆ ಸರ್ವಿಸ್ ಬೋರ್ಡನ್ನ ಹಿಡ್ಕೋತಿತ್ತು. ನಂಬರ್ ಹೊಂದಿದ ಮಾತ್ರಕ್ಕೆ ಸಾಧನ ಅದೇ ಆಗಿರಲ್ಲ, ನಂಬರ್ ಹೊಂದಲಿಲ್ಲ ಅಂದ ಮಾತ್ರಕ್ಕೆ ಚಿಪ್ ಬೇರೆನೂ ಆಗಿರಲ್ಲ. ಹೀಗಿರೋವಾಗ ಕೊನೇ ತೀರ್ಮಾನ ಆ ಸಾಧನ ಕೈಯಲ್ಲಿ ಇಟ್ಕೊಂಡಿರೋನಿಗೆ ಬಿಡೋದೇ ಸರಿ ಅಂತ ನಾನು ಗಟ್ಟಿಯಾಗಿ ನಂಬ್ತೀನಿ.

ಇಂಟರ್‌ನೆಟ್ಟಲ್ಲಿ ಸಿಗೋ ಹಳೇ ಸಲಹೆ ಒಂದಿದೆ, ಯುಎಸ್‌ಬಿಸೀರಿಯಲ್ ಮಾಡ್ಯೂಲ್‌ಗೆ (ಮಾಡ್ಯೂಲ್ ಅಂದ್ರೆ ಕರ್ನಲ್‌ಗೆ ಸೇರ್ಕೊಳ್ಳೋ ಡ್ರೈವರ್ ಫೈಲು) ಲೋಡ್ ಮಾಡೋವಾಗ್ಲೇ ಎರಡೂ ನಂಬರ್ ಕೊಟ್ಬಿಡಿ, ಜೆನೆರಿಕ್ (ಎಲ್ಲದಕ್ಕೂ ಸಾಮಾನ್ಯವಾದ) ಡ್ರೈವರ್ ಎತ್ಕೊಳ್ಳುತ್ತೆ ಅಂತ. ಅದನ್ನೂ ಪರೀಕ್ಷೆ ಮಾಡಿ ನೋಡ್ದೆ. ಪೋರ್ಟೇನೋ ಹುಟ್ಟುತ್ತೆ, ನೋಡೋಕೆ ಎಲ್ಲಾ ಸರಿ ಇದೆ ಅನ್ಸುತ್ತೆ, ಆದ್ರೆ ಒಂದು ಬೈಟೂ ಬರಲ್ಲ. ಸಿಪಿ2102 ಚಿಪ್ಪಿಗೆ ಮೊದಲು ನಿನ್ನ ಸೀರಿಯಲ್ ಭಾಗ ಆನ್ ಮಾಡು ಅಂತ ಅದರದ್ದೇ ಭಾಷೇಲಿ ಆದೇಶ ಹೋಗ್ಬೇಕು, ಆಮೇಲೆ ಬಾಡ್ ರೇಟ್ (ಡೇಟಾ ಹರಿಯೋ ವೇಗ) ಹೇಳ್ಬೇಕು, ಜೆನೆರಿಕ್ ಡ್ರೈವರಿಗೆ ಇದ್ಯಾವ್ದೂ ಗೊತ್ತಿಲ್ಲ. ಕರ್ನಲ್ಲೂ ಲಾಗ್‌ನಲ್ಲಿ ಸ್ಪಷ್ಟವಾಗಿ ಹೇಳುತ್ತೆ, ಈ ಜೆನೆರಿಕ್ ಡ್ರೈವರ್ ಪರೀಕ್ಷೆಗೆ ಮಾತ್ರ, ನಿಮ್ಮ ಸಾಧನವನ್ನ ಸರಿಯಾದ ಡ್ರೈವರಿಗೆ ಸೇರಿಸೋಕೆ ನಮಗೆ ತಿಳಿಸಿ ಅಂತ. ಎಚ್ಚರಿಕೆ ಅಂದ್ರೆ ಹೀಗಿರ್ಬೇಕು, ಬಾಗಿಲು ಮುಚ್ಚಿಲ್ಲ, ಆದ್ರೆ ಸರಿ ದಾರಿ ಎಲ್ಲಿದೆ ಅಂತ ಬೋರ್ಡ್ ಹಾಕಿದಾರೆ.

ಸರಿ ದಾರಿ ಇದು. ಮಾಡ್‌ಪ್ರೋಬ್ ಕಮಾಂಡ್‌ನಿಂದ ಸಿಪಿ210ಎಕ್ಸ್ ಮಾಡ್ಯೂಲ್ ಲೋಡ್ ಮಾಡ್ಕೊಳ್ಳಿ. ಆಮೇಲೆ ಸಿಸ್ ಫೋಲ್ಡರ್ ಒಳಗೆ ಬಸ್, ಅದರೊಳಗೆ ಯುಎಸ್‌ಬಿ-ಸೀರಿಯಲ್, ಅದರೊಳಗೆ ಡ್ರೈವರ್ಸ್, ಅದರೊಳಗೆ ಸಿಪಿ210ಎಕ್ಸ್ ಅನ್ನೋ ಫೋಲ್ಡರ್ ಇರುತ್ತೆ. ಅಲ್ಲಿ ನ್ಯೂ ಐಡಿ ಅನ್ನೋ ಫೈಲಿದೆ (ನಡುವೆ ಅಂಡರ್‌ಸ್ಕೋರ್). ಆ ಫೈಲಿಗೆ ನಿಮ್ಮ ಸಾಧನದ ಎರಡು ನಂಬರನ್ನ ನಡುವೆ ಸ್ಪೇಸ್ ಕೊಟ್ಟು ಬರೆದ್ರೆ ಆಯ್ತು. ಒಂದು ವಿಷ್ಯ ಗಮನ ಇರ್ಲಿ, ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸೋ ಕಮಾಂಡ್) ಹಾಕಿ ಎಕೋ ಮಾಡಿ ಬಾಣದ ಗುರುತಿಂದ ಫೈಲಿಗೆ ಕಳಿಸಿದ್ರೆ ಪರ್ಮಿಷನ್ ಇಲ್ಲ ಅಂತ ಬರುತ್ತೆ, ಯಾಕಂದ್ರೆ ಫೈಲ್ ತೆರೆಯೋದು ನಿಮ್ಮ ಶೆಲ್ಲು, ಸುಡೋ ಅಲ್ಲ, ಹಂಗಾಗಿ ಎಕೋ ಬರೆದಿದ್ದನ್ನ ಪೈಪ್ ಮಾಡಿ ಸುಡೋ ಟೀ ಕಮಾಂಡ್‌ಗೆ ಕೊಡಿ.

ಎಂಟರ್ ಒತ್ತಿದ ತಕ್ಷಣ ಲಾಗ್‌ನಲ್ಲಿ ಸಿಪಿ210ಎಕ್ಸ್ ಕನ್ವರ್ಟರ್ ಸಿಕ್ತು, ಟಿಟಿವೈ ಯುಎಸ್‌ಬಿ 0ಗೆ ಜೋಡಿಸಿದೀನಿ ಅಂತ ಬಂತು. ಕೇಬಲ್ ತೆಗೆದು ಹಾಕೋದೂ ಬೇಡ, ಚುಚ್ಚಿರೋ ಸಾಧನಾನೇ ಹಿಡ್ಕೊಳ್ಳುತ್ತೆ. ಈ ಡ್ರೈವರ್‌ನಲ್ಲಿ ನಂಗೆ ಇಷ್ಟ ಆಗಿದ್ದು ಏನಂದ್ರೆ ಅದು ಪಟ್ಟೀನ ಕುರುಡಾಗಿ ನಂಬಲ್ಲ, ಜೋಡಿಸ್ಕೊಂಡ್ಮೇಲೆ ಚಿಪ್ಪನ್ನೇ ನಿನ್ನ ಪಾರ್ಟ್ ನಂಬರ್ ಏನು ಅಂತ ಕೇಳುತ್ತೆ, ಉತ್ತರ ಬರ್ಲಿಲ್ಲ ಅಂದ್ರೆ ಲಾಗ್‌ನಲ್ಲಿ ಎಚ್ಚರಿಕೆ ಹಾಕುತ್ತೆ. ನಮ್ದ್ರಲ್ಲಿ ಆ ಎಚ್ಚರಿಕೆ ಬರ್ಲಿಲ್ಲ, ಚಿಪ್ ಕೇಳಿದ್ದಕ್ಕೆ ಉತ್ತರ ಕೊಟ್ಟಿದೆ ಅಂತಾಯ್ತು.

ಬಾಡ್ ರೇಟ್ ಎಷ್ಟು ಅಂತ ಹಳೇ ಹಾರ್ಡ್‌ಡಿಸ್ಕಿನ ಸೆಟ್ಟಿಂಗ್ಸ್ ಫೈಲಲ್ಲೇ ಇತ್ತು, 2400. ಎಸ್‌ಟಿಟಿವೈ ಕಮಾಂಡಲ್ಲಿ ಅದನ್ನ ಹಾಕಿ ಕ್ಯಾಟ್ ಕೊಟ್ಟೆ, ಸ್ಕ್ರೀನ್ ಮೇಲೆ ಸಾಲಾಗಿ ಸೊನ್ನೆಗಳು ಬರೋಕೆ ಶುರು ಆದ್ವು, ಪ್ಲಾಟ್‌ಫಾರ್ಮ್ ಖಾಲಿ ಇತ್ತಲ್ಲ. ಅಷ್ಟೊತ್ತಿಗೆ ಒಂದು ಸಿಪ್ಪೆ ಟ್ರ್ಯಾಕ್ಟರ್ ಬಂತು, ಅಂಕಿ ಏರ್ತಾ ಏರ್ತಾ ಹೋಗಿ ನಿಂತ್ಕೊಂಡಿತು, ಇಂಡಿಕೇಟರಲ್ಲಿ ಎಷ್ಟಿತ್ತೋ ಸ್ಕ್ರೀನಲ್ಲೂ ಅಷ್ಟೇ. ಅಲ್ಲಿ ಕೆಲ್ಸ ಮಾಡೋ ಹುಡುಗ "ಅಣ್ಣ, ಬಂತು ಬಂತು" ಅಂತ ಕೂಗಿದ. ನಂಗೂ ತುಂಬಾ ಖುಷಿ ಆಯ್ತು.

ಆದ್ರೆ ತೂಕದ ವಿಷ್ಯ, ಖುಷಿ ಆಗಿದ್ದಕ್ಕೆ ಬಿಟ್ಬಿಡೋಕಾಗಲ್ಲ. ಒಂದು ಅಂಕಿ ಆಚೀಚೆ ಆದ್ರೂ ಯಾರದ್ದೋ ದುಡ್ಡು ಹೋಗುತ್ತೆ. ಹಂಗಾಗಿ ಹರಾಜಿನ ದಿನ ಗಾಡಿ ಜಾಸ್ತಿ ಬರೋವಾಗ ನಾನೂ ಆ ಹುಡುಗಾನೂ ಕೂತು ಪ್ರತಿ ಗಾಡಿಗೂ ಇಂಡಿಕೇಟರ್ ಅಂಕಿ ಪುಸ್ತಕದಲ್ಲಿ ಬರೆದು, ಕಂಪ್ಯೂಟರ್ ಹಿಡಿದ ಅಂಕಿ ಜೊತೆ ತಾಳೆ ನೋಡಿದ್ವಿ. ಖಾಲಿ ಗಾಡಿ, ಲೋಡ್ ಗಾಡಿ, ಬ್ರೇಕ್ ಹಾಕಿ ಅಲ್ಲಾಡ್ತಿರೋ ಗಾಡಿ, ಎಲ್ಲಾ. ಎಲ್ಲೂ ವ್ಯತ್ಯಾಸ ಬರ್ಲಿಲ್ಲ. ಚೀಟಿ ಪ್ರಿಂಟ್ ಮಾಡೋ ಪೈಥಾನ್ ಸ್ಕ್ರಿಪ್ಟ್ ಅಂಕಿ ಸ್ವಲ್ಪ ಹೊತ್ತು ಒಂದೇ ಕಡೆ ನಿಂತ್ರೆ ಮಾತ್ರ ತಗೊಳ್ಳೋ ತರ ಬರ್ದಿದೀನಿ, ಸಾಲು ಅರ್ಧಂಬರ್ಧ ಬಂದಿದ್ರೆ ಎಸೆದುಬಿಡುತ್ತೆ.

ನ್ಯೂ ಐಡಿಗೆ ಬರೆದಿದ್ದು ರೀಬೂಟ್ ಆದ್ರೆ ಹೋಗುತ್ತೆ. ನನ್ ಪ್ರಕಾರ ಇದು ಒಳ್ಳೇ ಗುಣ, ಏನಾದ್ರೂ ಎಡವಟ್ಟಾದ್ರೆ ಆಫ್ ಮಾಡಿ ಆನ್ ಮಾಡಿದ್ರೆ ಮೊದಲಿದ್ದಂಗೆ ಆಗುತ್ತೆ, ಧೈರ್ಯವಾಗಿ ಪರೀಕ್ಷೆ ಮಾಡ್ಬಹುದು. ಆದ್ರೆ ನಮ್ಮ ಕಡೆ ಕರೆಂಟ್ ಯಾವಾಗ ಹೋಗಿ ಯಾವಾಗ ಬರುತ್ತೋ ಹೇಳೋಕಾಗಲ್ಲ, ಪ್ರತಿ ಸಲ ಆ ಹುಡುಗ ಕಮಾಂಡ್ ಹೊಡೆಯೋಕಾಗುತ್ತಾ? ಅದಕ್ಕೆ ಯೂಡೆವ್ ರೂಲ್ ಬರೆದೆ, ಯೂಡೆವ್ ಅಂದ್ರೆ ಸಾಧನ ಬಂದಾಗ ಏನ್ ಮಾಡ್ಬೇಕು ಅಂತ ನೋಡ್ಕೊಳ್ಳೋ ಲಿನಕ್ಸ್ ಸರ್ವಿಸ್ಸು. ಈ ನಂಬರಿನ ಸಾಧನ ಬಂದ್ರೆ ಮಾಡ್ಯೂಲ್ ಲೋಡ್ ಮಾಡು, ನ್ಯೂ ಐಡಿಗೆ ನಂಬರ್ ಬರಿ, ಇವು ಮೊದಲೆರಡು ಸಾಲು. ಮೂರನೇ ಸಾಲಲ್ಲಿ ಪೋರ್ಟ್‌ಗೆ ತೂಕ ಅಂತ ಖಾಯಂ ಹೆಸರು ಕೊಟ್ಟೆ, ಇಲ್ದಿದ್ರೆ ಬೇರೇನಾದ್ರೂ ಮೊದಲು ಚುಚ್ಚಿದ್ರೆ 0 ಇದ್ದಿದ್ದು 1 ಆಗ್ಬಿಡುತ್ತೆ. ಅದೇ ಸಾಲಲ್ಲಿ ಮೋಡೆಮ್‌ಗಳನ್ನ ನೋಡ್ಕೊಳ್ಳೋ ಮೋಡೆಮ್‌ಮ್ಯಾನೇಜರ್ ಸರ್ವಿಸ್ ಇದನ್ನ ಮುಟ್ಬಾರ್ದು ಅನ್ನೋ ಗುರುತನ್ನೂ ಹಾಕಿ, ಇದು ತುಂಬಾ ಮುಖ್ಯ, ಇಲ್ಲಾಂದ್ರೆ ಆ ಸರ್ವಿಸ್ ಹೊಸ ಸೀರಿಯಲ್ ಪೋರ್ಟ್ ಕಂಡ ತಕ್ಷಣ ಇದು ಮೋಡೆಮ್ ಇರ್ಬಹುದು ಅಂತ ಎಟಿ ಕಮಾಂಡ್ ಕಳಿಸಿ ನೋಡ್ಬಹುದು, ತೂಕದ ಮೆಷಿನ್‌ಗೆ ಗುರುತು ಪರಿಚಯ ಇಲ್ದಿರೋ ಅಕ್ಷರ ಯಾಕೆ ಕಳಿಸ್ಬೇಕು? ಆಮೇಲೆ ಯುಪಿಎಸ್ ಆಫ್ ಮಾಡಿ ಆನ್ ಮಾಡಿ ನೋಡಿದ್ವಿ, ಯಾರೂ ಕೀಬೋರ್ಡ್ ಮುಟ್ದೇ ತೂಕ ಬಂತು.

ವಿಂಡೋಸಲ್ಲೇ ಇರ್ಬೇಕು ಅನ್ನೋರಿಗೂ ಒಂದು ದಾರಿ ಇದೆ. ಐಎನ್‌ಎಫ್ ಫೈಲ್ ತಿದ್ದಿದ್ರೆ ಅದರ ಡಿಜಿಟಲ್ ಸಹಿ ಮುರಿಯುತ್ತೆ, ಆಮೇಲೆ ಸಹಿ ಪರಿಶೀಲನೆ ಆಫ್ ಮಾಡೋ ಗೋಳು, ಅದು ಇಡೀ ಕಂಪ್ಯೂಟರಿನ ಭದ್ರತೆಗೇ ಒಳ್ಳೇದಲ್ಲ. ಅದರ ಬದಲು ಸಿಲಿಕಾನ್ ಲ್ಯಾಬ್ಸ್‌ನ ಸಹಿ ಇರೋ 64 ಬಿಟ್ ಡ್ರೈವರ್ ಹಾಕ್ಕೊಂಡು, ಡಿವೈಸ್ ಮ್ಯಾನೇಜರಲ್ಲಿ ಪಟ್ಟಿಯಿಂದ ನಾನೇ ಆರಿಸ್ತೀನಿ ಅನ್ನೋದಕ್ಕೆ ಹೋಗಿ, ಹೊಂದೋ ಹಾರ್ಡ್‌ವೇರ್ ಮಾತ್ರ ತೋರಿಸು ಅನ್ನೋ ಟಿಕ್ ತೆಗೆದು, ಕೈಯಾರೆ ಮಾಡೆಲ್ ಆರಿಸ್ಬಹುದು. ಇದು ಸರಿಹೋಗುತ್ತೆ ಅಂತ ಖಾತ್ರಿ ಇಲ್ಲ ಅಂತ ಎಚ್ಚರಿಕೆ ಬರುತ್ತೆ, ಹೌದು ಅಂದ್ರೆ ಡ್ರೈವರ್ ಕೂರುತ್ತೆ. ತಿದ್ದುಪಡಿ ಇಲ್ಲ, ಸಹಿ ಹಾಗೇ ಇರುತ್ತೆ.

ಈ ತರ ಬಾಗಿಲು ಎಲ್ಲಾ ಕಡೆ ಇರ್ಬೇಕು ಅಂತ ನಾನು ಹೇಳೋದು ಯಾಕಂದ್ರೆ ಬಾಗಿಲು ಮುಚ್ಚಿದ್ರೆ ಏನಾಗುತ್ತೆ ಅಂತ ನೋಡಿದೀವಿ. 2014ರ ಅಕ್ಟೋಬರಲ್ಲಿ ವಿಂಡೋಸ್ ಅಪ್‌ಡೇಟ್ ಮೂಲಕ ಬಂದ, ಎಫ್‌ಟಿಡಿಐ ಅನ್ನೋ ಇನ್ನೊಂದು ಚಿಪ್ ಕಂಪನಿಯ ಡ್ರೈವರ್ ತಮ್ಮ ಚಿಪ್ಪಿನ ನಕಲಿಗಳ ಪ್ರಾಡಕ್ಟ್ ನಂಬರನ್ನೇ ಸೊನ್ನೆ ಮಾಡ್ಬಿಡ್ತಿತ್ತು. ನಕಲಿ ಮಾಡಿದ್ದು ತಪ್ಪೇ, ಆದ್ರೆ ಏಟು ಬಿದ್ದಿದ್ದು ಒಳಗೆ ಯಾವ ಚಿಪ್ ಇದೆ ಅಂತ ಗೊತ್ತೇ ಇಲ್ದೆ ಮೆಷಿನ್ ಕೊಂಡೋರಿಗೆ. ಆವಾಗ ಲಿನಕ್ಸ್‌ನಲ್ಲಿ ಎಫ್‌ಟಿಡಿಐ ಚಿಪ್ಪಿನ ಡ್ರೈವರಿಗಿರೋ ಇದೇ ತರದ ನ್ಯೂ ಐಡಿ ಫೈಲಿಗೆ 0403 0000 ಅಂತ ಬರೆದು ಸತ್ತೋಯ್ತು ಅಂದ್ಕೊಂಡಿದ್ದ ಸಾಧನಗಳನ್ನ ಮತ್ತೆ ಬಳಸೋಕೆ ಆಗ್ತಿತ್ತು. ಇಂಟೆಲ್ ಗ್ರಾಫಿಕ್ಸ್ ಡ್ರೈವರ್‌ನಲ್ಲಿ ಫೋರ್ಸ್ ಪ್ರೋಬ್ ಅನ್ನೋ ಆಪ್ಷನ್ ಇದೆ, ಆ ಕರ್ನಲ್‌ನಲ್ಲಿ ಇನ್ನೂ ಪಕ್ವ ಆಗ್ದಿರೋ ಹೊಸ ಚಿಪ್‌ಗೂ ಡ್ರೈವರ್ ಕೂರಿಸ್ಬಹುದು. ಆರ್ಕ್ ಎ ಸರಣಿ ಕಾರ್ಡ್‌ಗಳಿಗೆ 6.2 ಕರ್ನಲ್ ಬರೋತನಕ ಜನ ಅದನ್ನೇ ಬಳಸ್ತಿದ್ರು. ಅದನ್ನ ಹಾಕಿದ್ರೆ ಅಪಾಯದ ಆಪ್ಷನ್ ಹಾಕಿದೀರ ಅಂತ ಲಾಗ್‌ನಲ್ಲಿ ಬರೆದು ಕರ್ನಲ್‌ಗೆ ಟೇಂಟ್ (ಕಳಂಕ) ಗುರುತು ಹಾಕುತ್ತೆ, ಆಮೇಲೆ ಬಗ್ ಅಂತ ಯಾರಾದ್ರೂ ದೂರು ಕೊಟ್ರೆ ಡೆವಲಪರ್‌ಗೆ ಒಂದೇ ನೋಟಕ್ಕೆ ಗೊತ್ತಾಗುತ್ತೆ. ಬಳಸೋನಿಗೆ ಸ್ವಾತಂತ್ರ್ಯ ಇದೆ, ಡ್ರೈವರ್ ಬರೆದೋರ ಮೇಲೆ ಇಲ್ದಿರೋ ಹೊರೆ ಬೀಳಲ್ಲ.

ಇನ್ನೊಂದು ಕೆಲ್ಸ ಬಾಕಿ ಇದೆ, ಅದನ್ನ ಯಾರೂ ಬಿಡ್ಬಾರ್ದು. ನಮ್ದು ಸರಿಹೋಯ್ತು ಅಂತ ಸುಮ್ನಾದ್ರೆ ಇದೇ ಇಂಡಿಕೇಟರ್ ಇರೋ ಇನ್ನೊಬ್ರು ಇದೇ ಕಷ್ಟ ಪಡ್ತಾರೆ. ಪಟ್ಟಿಗೆ ನಂಬರ್ ಸೇರಿಸೋದು ಒಂದೇ ಸಾಲಿನ ಬದಲಾವಣೆ, ನಂಬರ್ ಕ್ರಮದಲ್ಲಿ ಸರಿಯಾದ ಜಾಗದಲ್ಲಿ ಹಾಕ್ಬೇಕು, ಪಕ್ಕದಲ್ಲಿ ಸಾಧನದ ಹೆಸರಿನ ಕಾಮೆಂಟ್ ಇರ್ಬೇಕು, ಏನ್ ಸಾಧನ, ಹೇಗೆ ಪರೀಕ್ಷೆ ಮಾಡಿದ್ರಿ ಅಂತ ವಿವರಣೆ ಬರೆದು ನಿಮ್ಮ ಹೆಸರಲ್ಲಿ ಸಹಿ ಹಾಕಿ ಯುಎಸ್‌ಬಿ ಸೀರಿಯಲ್ ಭಾಗ ನೋಡ್ಕೊಳ್ಳೋ ಯೋಹಾನ್ ಹೊವೊಲ್ಡ್ ಅವ್ರಿಗೆ ಕಳಿಸ್ಬೇಕು. ಹೊಸ ಸಾಧನದ ನಂಬರ್ ಸೇರಿಸೋ ಬದಲಾವಣೆಗಳನ್ನ ಈಗಾಗ್ಲೇ ಬಿಡುಗಡೆ ಆಗಿರೋ ಸ್ಟೇಬಲ್ ಕರ್ನಲ್‌ಗಳಿಗೂ ತಗೊಳ್ತಾರೆ, ಅವರ ನಿಯಮದಲ್ಲೇ ಹಾಗಿದೆ. ನಾನು ಈ ಬದಲಾವಣೆಯ ಪ್ಯಾಚ್ ರೆಡಿ ಮಾಡಿ, ಅದೇ ಇಂಡಿಕೇಟರ್ ಇರೋ ಪಕ್ಕದ ಊರಿನ ಇನ್ನೊಂದು ವೇಬ್ರಿಡ್ಜಲ್ಲೂ ನೋಡ್ಕೊಂಡು ಬಂದೆ, ಅಲ್ಲೂ ಅದೇ ನಂಬರ್ರು, ಅದೇ ಚಿಪ್ಪು, ಹಂಗಾಗಿ ಆ ನಂಬರ್ ಇಡೀ ಮಾಡೆಲ್‌ದೇ ಅಂತ ವಿವರಣೇಲಿ ಧೈರ್ಯವಾಗಿ ಬರ್ದಿದೀನಿ. ಪ್ಯಾಚ್ ಸೇರಿದ ಕರ್ನಲ್ ಡೆಬಿಯನ್ ಅಪ್‌ಡೇಟಲ್ಲಿ ಬಂದ್ಮೇಲೆ ಬಾವನ ಕಂಪ್ಯೂಟರಿನ ರೂಲ್ ಫೈಲಿಂದ ಮೊದಲೆರಡು ಸಾಲು ಅಳಿಸ್ಬೇಕು, ಪೋರ್ಟ್‌ಗೆ ಹೆಸರು ಕೊಡೋ ಮೂರನೇ ಸಾಲು ಹಾಗೇ ಇರುತ್ತೆ.